ಬಾಬ್ ರೋಸ್ ಹೋದ ಊರು

ವಾಂಗರಟ್ಟದಲ್ಲಿ ಕೆಲಸ ಸಿಕ್ಕಿದೆ ಅಂತ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ: "ಅಷ್ಟೆಲ್ಲ ಓದಿ, ಮೆಲ್ಬರ್ನ್ ಬಿಟ್ಟು ಹಳ್ಳಿಗೆ ಹೋಗ್ತೀಯೇನೇ?" ಹಳ್ಳಿ ಅಲ್ಲಮ್ಮ, ಸಣ್ಣ ಊರು, ಕಾರಲ್ಲಿ ಮೂರು ಗಂಟೆಯೂ ಇಲ್ಲ ಅಂದೆ. ಸಂಬಳ ಜಾಸ್ತಿ, ಬಾಡಿಗೆ ಕಡಿಮೆ ಅಂತಲೂ ಅಂದೆ. ಆದರೆ ಅದೇ ಅಳುಕು ನನ್ನೊಳಗೂ ಇತ್ತು. ಹೋದರೆ ಹಿಂದೆ ಬಿದ್ದ ಹಾಗೆ ಅಲ್ವಾ?

ಆಫೀಸಿನ ಹಿರಿಯರೊಬ್ಬರು ಕಾಲಿಂಗ್‌ವುಡ್ ಕ್ಲಬ್ಬಿನ ಕಟ್ಟಾ ಅಭಿಮಾನಿ. ಊರಿನ ಹೆಸರು ಕೇಳಿದ್ದೇ "ಓ, ಬಾಬ್ ರೋಸ್ ಹೋದ ಊರು!" ಅಂದರು.

ಇಲ್ಲಿನ ಫುಟ್‌ಬಾಲ್ ನಮಗೆ ಗೊತ್ತಿರೋದಲ್ಲ. ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 18 ಜನ, ಕೈಯಲ್ಲೂ ಹಿಡಿಯಬಹುದು. (ಮೂರು ವರ್ಷವಾದರೂ ನನಗೆ ನಿಯಮ ಪೂರ್ತಿ ಅರ್ಥವಾಗಿಲ್ಲ.) ಈ ಆಟದಲ್ಲಿ ರೋಸ್ ನಾಲ್ಕು ಸಲ ಕಾಲಿಂಗ್‌ವುಡ್‌ನ ವರ್ಷದ ಶ್ರೇಷ್ಠ ಆಟಗಾರ, 1953ರಲ್ಲಿ ಚಾಂಪಿಯನ್ ತಂಡದಲ್ಲಿದ್ದವರು. 1955ರ ಋತು ಮುಗಿದ ಮೇಲೆ, ಬರೀ 27 ವಯಸ್ಸಿಗೆ, ಎಲ್ಲ ಬಿಟ್ಟು ವಾಂಗರಟ್ಟ ರೋವರ್ಸ್ ತಂಡಕ್ಕೆ ನಾಯಕ ಮತ್ತು ಕೋಚ್ ಆಗಿ ಹೊರಟರು.

ಆಗಿನ ಲೆಕ್ಕಾಚಾರವೇ ಹಾಗಿತ್ತು. ಮೆಲ್ಬರ್ನ್‌ನ ದೊಡ್ಡ ಲೀಗ್‌ನಲ್ಲಿ 1930ರಲ್ಲೇ ಕೋಲ್ಟರ್ ನಿಯಮ ಬಂದಿತ್ತು: ಎಷ್ಟೇ ದೊಡ್ಡ ಸ್ಟಾರ್ ಆದರೂ ಪಂದ್ಯಕ್ಕೆ 3 ಪೌಂಡ್‌ಗಿಂತ ಹೆಚ್ಚು ಕೊಡುವಂತಿಲ್ಲ. ಆಮೇಲೆ ಮಿತಿ ಸ್ವಲ್ಪ ಏರಿತು, ಅಷ್ಟೇ. ಊರಿನ ಕ್ಲಬ್‌ಗಳಿಗೆ ಈ ಕಟ್ಟು ಇರಲಿಲ್ಲ. ಹಾಗಾಗಿ ಒಳ್ಳೊಳ್ಳೆ ಆಟಗಾರರೇ ಕೋಚ್ ಆಗಿ ಊರು ಸೇರುತ್ತಿದ್ದರು. ಅವರನ್ನು ಯಾರೂ ಸೋತವರು ಅನ್ನಲಿಲ್ಲ.

ರೋವರ್ಸ್ ಆ ಭಾಗದ ಲೀಗ್‌ಗೆ 1950ರಲ್ಲಷ್ಟೇ ಸೇರಿದ್ದ ತಂಡ. ರೋಸ್ ಅದಕ್ಕೆ 1958ರಲ್ಲಿ ಮೊದಲ ಪ್ರಶಸ್ತಿ ತಂದರು, 1960ರಲ್ಲಿ ಇನ್ನೊಂದು. ಎರಡೂ ವರ್ಷ ಲೀಗ್‌ನ ಶ್ರೇಷ್ಠ ಆಟಗಾರನ ಪದಕವೂ ಅವರಿಗೇ.

1964ರಲ್ಲಿ ಕಾಲಿಂಗ್‌ವುಡ್ ಅವರನ್ನೇ ಕೋಚ್ ಮಾಡಿತು. ಅಮ್ಮನ ಲೆಕ್ಕದಲ್ಲಿ ಇದು ಪ್ರಮೋಷನ್! ಆದರೆ ಆ ವರ್ಷದ ಫೈನಲ್ 4 ಅಂಕದಿಂದ ಹೋಯಿತು. 1966ರದು 1 ಅಂಕದಿಂದ. 1970ರಲ್ಲಿ ಅರ್ಧ ಆಟಕ್ಕೆ 44 ಅಂಕ ಮುಂದಿದ್ದೂ 10 ಅಂಕದಿಂದ ಸೋತರು. ದೊಡ್ಡ ಲೀಗ್‌ನಲ್ಲಿ ಕೋಚ್ ಆಗಿ ಅವರಿಗೆ ಒಂದು ಪ್ರಶಸ್ತಿಯೂ ಸಿಗಲಿಲ್ಲ. ಈ ಭಾಗವನ್ನು ನಾನು ಎರಡು ಸಲ ಓದಿದೆ.

ನಿನ್ನೆ ಸಹಿ ಹಾಕಿ ಕಳಿಸಿದೆ. ಅಮ್ಮನಿಗೆ ರೋಸ್ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದಿರಲಿ, ಅಲ್ಲಿ ಕರಿಬೇವು ಸಿಗುತ್ತೇನೇ?" ಅಂದರು.