ಅಕ್ಷರ ಹೊತ್ತು ಗಡಿ ದಾಟಿದವನು

ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪ್‌ನಲ್ಲೇ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತೀವಿ. ಭಾಷೆ ಕನ್ನಡವೇ ತಾನೇ, ಲಿಪಿ ಯಾವುದಾದರೇನು ಅಂತೀವಿ. ಲಿಥುವೇನಿಯಾದ ಯುರ್ಗಿಸ್ ಬಿಯೆಲಿನಿಸ್ ಈ ಮಾತು ಒಪ್ಪುತ್ತಿರಲಿಲ್ಲ.

1864ರಿಂದ 1904ರವರೆಗೆ ಅಲ್ಲಿ ರಷ್ಯಾದ ಚಕ್ರವರ್ತಿಯ ಹುಕುಂ ಇತ್ತು: ಲಿಥುವೇನಿಯನ್ ಭಾಷೆಯನ್ನು ರಷ್ಯನ್ ಲಿಪಿಯಲ್ಲೇ ಅಚ್ಚು ಹಾಕಬೇಕು, ಲ್ಯಾಟಿನ್ ಲಿಪಿ ನಿಷೇಧ. ಜನ ಒಪ್ಪಲಿಲ್ಲ. ಪಕ್ಕದ ಪ್ರಷ್ಯಾದಲ್ಲಿ ತಮ್ಮ ಲಿಪಿಯಲ್ಲೇ ಪುಸ್ತಕ ಅಚ್ಚಾಯ್ತು. ರೈತನ ಮಗ ಬಿಯೆಲಿನಿಸ್ ಅವನ್ನು ಹೊತ್ತು, ಸುಮಾರು 30 ವರ್ಷ ಕದ್ದುಮುಚ್ಚಿ ಗಡಿ ದಾಟಿಸಿದ. ಇಂಥ ಕೆಲಸದಲ್ಲಿ ಸಿಕ್ಕಿಬಿದ್ದವರಿಗೆ ಜೈಲು, ಸೈಬೀರಿಯಾ ಕಾದಿರುತ್ತಿತ್ತು. 1918ರ ಫೆಬ್ರವರಿಯಲ್ಲಿ ದೇಶ ಸ್ವಾತಂತ್ರ್ಯ ಘೋಷಿಸಿದಾಗ ನೋಡೋಕೆ ಆತ ಇರಲಿಲ್ಲ. ಕೆಲವೇ ವಾರ ಮುಂಚೆ ತೀರಿಕೊಂಡಿದ್ದ. ಆತ ಹುಟ್ಟಿದ ಮಾರ್ಚ್ 16 ಅನ್ನು ಇಂದು ಅಲ್ಲಿ ಪುಸ್ತಕ ಹೊತ್ತವರ ದಿನವಾಗಿ ಆಚರಿಸ್ತಾರೆ.

ನಮ್ಮ ಲಿಪಿಯನ್ನು ಯಾರೂ ನಿಷೇಧಿಸಿಲ್ಲ. ಫೋನಿನಲ್ಲೇ ಕನ್ನಡ ಕೀಬೋರ್ಡ್ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಒತ್ತಕ್ಷರ ತಪ್ಪುತ್ತೆ, ಯಾರಾದ್ರೂ ನಗ್ತಾರೆ ಅನ್ನೋ ಭಯ. ಅಷ್ಟೇ ನಮ್ಮ ಗಡಿ. ತಪ್ಪಾದರೆ ತಿದ್ದಿಕೊಳ್ಳೋಣ, ಆದರೆ ಇವತ್ತಿನಿಂದ ಗ್ರೂಪ್‌ನಲ್ಲಿ ಕನ್ನಡ ಅಕ್ಷರದಲ್ಲೇ ಬರೆಯೋಣ.