ಗೋಕರ್ಣದ ಗುಡ್ಡದ ದಾರಿಗೆ ಗೇಟು ಬೇಡ, ಕಾಯುವವರು ಬೇಕು

ಗೋಕರ್ಣದಿಂದ ನಾವು ಕಳಿಸುವ ಒಂದು ಸುದ್ದಿಯ ರೂಪ ವರ್ಷಗಳಿಂದ ಬದಲಾಗಿಲ್ಲ. ‘ಅಲೆಗಳ ಸೆಳೆತಕ್ಕೆ ಸಿಲುಕಿ ಪ್ರವಾಸಿಗ ಸಾವು.’ ಹೆಸರು, ವಯಸ್ಸು, ಊರು, ‘ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’ ನಾಲ್ಕೇ ಸಾಲು. ಡೆಸ್ಕಿನವರು ಅದಕ್ಕೆ ‘ಮೋಜಿಗೆ ಹೋಗಿ’ ಎಂದು ಸೇರಿಸುತ್ತಾರೆ, ನಾವೂ ತಕರಾರು ಮಾಡುವುದಿಲ್ಲ. ಸತ್ತವನದೇ ತಪ್ಪು ಎಂದಾದರೆ ಸುದ್ದಿ ಅಲ್ಲಿಗೇ ಮುಗಿಯುತ್ತದೆ, ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಮೂವರು ಸ್ಟ್ರಿಂಜರ್‌ಗಳು ಪ್ರವಾಸಿಗರ ಹಾಗೆಯೇ ಆ ದಾರಿ ನಡೆದೆವು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿಳಿದವರೇ ನಮ್ಮ ಹಿಂದೆ ಮುಂದೆ ಇದ್ದರು. ಕುಡ್ಲೆಯಿಂದ ಗುಡ್ಡ ಹತ್ತಿಳಿದರೆ ಓಂ ಬೀಚು. ಅಲ್ಲಿಂದ ಮುಂದಕ್ಕೆ ಗಾಡಿ ಹೋಗುವ ರಸ್ತೆ ಇಲ್ಲ. ಕಾಲು ದಾರಿ, ಇಲ್ಲವೇ ದೋಣಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಬಂಡೆಗೆ ಬಡಿಯುವ ಸಮುದ್ರ. ಕಾಲಡಿ ಸಡಿಲ ಜಲ್ಲಿ. ಚಪ್ಪಲಿ ಹಾಕಿಕೊಂಡು ಬಂದವರು ಕೂತು ಜಾರುತ್ತ ಇಳಿಯುತ್ತಿದ್ದರು. ನೋಟ ಮಾತ್ರ ಹೇಳತೀರದು. ಈ ಜಿಲ್ಲೆಯಲ್ಲೇ ಹುಟ್ಟಿದ ನಾವೂ ಬಾಯಿ ಮುಚ್ಚಿ ನಿಂತೆವು.

ಕೊನೆಯ ಎರಡು ಬೀಚುಗಳಲ್ಲಿ ಅವತ್ತು ನಮಗೆ ಒಬ್ಬ ಜೀವರಕ್ಷಕನೂ ಕಾಣಲಿಲ್ಲ. ದಾರಿಯಲ್ಲಿ ಕಂಡ ಒಂದು ಫಲಕದ ಅಕ್ಷರ ಅಳಿಸಿಹೋಗಿತ್ತು. ನಮ್ಮ ಮೂವರ ಮೊಬೈಲಿಗೂ ಹಲವು ಕಡೆ ಸಿಗ್ನಲ್ ಇರಲಿಲ್ಲ.

ಪ್ಯಾರಡೈಸಿನಲ್ಲಿ ದೋಣಿ ನಿಲ್ಲಿಸಿಕೊಂಡಿದ್ದ ಹಿರಿಯರೊಬ್ಬರು ನೀರಿಗಿಳಿದ ಹುಡುಗರನ್ನು ತೋರಿಸಿ ಹೇಳಿದರು: “ನೋಡು ತಮ್ಮಾ, ಅಲೆ ಒಡಿಯೂ ಜಾಗ ಕಂಡ್ರೆ ಇವ್ರಿಗೆ ಹೆದರಿಕೆ. ಅಲೆ ಇಲ್ದೆ ಇದ್ದ ಜಾಗದಲ್ಲಿ ಇಳೀತ್ರು. ಖರೆ ಅಂದ್ರೆ ಹೆದರ್ಬೇಕಾದ್ದು ಅಲ್ಲೇ.”

ಅವರು ಹೇಳಿದ್ದೇ ಸರಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ವಾಪಸು ಹೋಗಲೇಬೇಕು. ಮರಳಿನ ನಡುವಿನ ಆಳದ ಕಾಲುವೆಯಲ್ಲಿ, ಬಂಡೆಗಳ ಪಕ್ಕದಲ್ಲಿ ಅದು ಒಟ್ಟಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಮೇಲಿಂದ ನೋಡಿದರೆ ಅದೇ ಶಾಂತವಾದ ನೀರು. ಸಿಕ್ಕಿದವನು ಗಾಬರಿಯಲ್ಲಿ ನೇರ ದಡದ ಕಡೆಗೆ ಈಜುತ್ತಾನೆ, ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಸೆಳೆತದಿಂದ ಹೊರಬರಬಹುದು, ಆಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಬೇಕು. ಇಷ್ಟನ್ನು ಒಂದು ಫಲಕದಲ್ಲಿ ಬರೆಯಬಹುದು. ಕನ್ನಡದ ಜೊತೆಗೆ ಹಿಂದಿ, ತೆಲುಗು, ತಮಿಳಿನಲ್ಲೂ ಬರೆಯಬೇಕು.

ಮಳೆಗಾಲದಲ್ಲಿ ಮಾತ್ರ ಅಪಾಯ ಎನ್ನುವವರಿಗೆ ಮುರ್ಡೇಶ್ವರ ನೆನಪಿರಲಿ. 2024ರ ಡಿಸೆಂಬರ್ 10ರಂದು ಅಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಆಮೇಲೆ ಕೆಲವು ದಿನ ಆ ಬೀಚು ಮುಚ್ಚಿತು. ಪ್ರತಿ ಸಲವೂ ನಮ್ಮಲ್ಲಿ ಮೊದಲು ನೆನಪಾಗುವುದು ಮುಚ್ಚುವುದೇ.

ಗೋಕರ್ಣದ ಗುಡ್ಡಕ್ಕೂ ಅದೇ ಆಗಲಿ ಎನ್ನುವ ಮಾತು ಕೇಳುತ್ತಿದೆ. ನಾವು ಒಪ್ಪುವುದಿಲ್ಲ. ಮುಚ್ಚಿದರೆ ಎಳನೀರು ಮಾರುವ ಹಾಲಕ್ಕಿ ಅಕ್ಕನ, ದೋಣಿಯವರ ದಿನದ ದುಡಿಮೆ ನಿಲ್ಲುತ್ತದೆ. ಬರುವವರು ಕಳ್ಳದಾರಿ ಹುಡುಕುತ್ತಾರೆ, ಅಷ್ಟೆ. ಕಾಯುವವರು ಇನ್ನೂ ಕಡಿಮೆಯಾಗುತ್ತಾರೆ.

ಇದೇ ಜಿಲ್ಲೆಯ ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಮಾನ್ಯತೆ ಬೇಕೆಂದಾಗ ಜೀವರಕ್ಷಕರು, ಗುರುತು ಮಾಡಿದ ಈಜುವ ಜಾಗ ಎಲ್ಲವೂ ಬಂತು. ಬಾವುಟಕ್ಕಾಗಿ ಆದದ್ದು ಜೀವಕ್ಕಾಗಿ ಏಕೆ ಆಗಬಾರದು? ಹಾಫ್ ಮೂನಿಗೆ ಜನರೇಟರು, ಹೋಟೆಲ್ಲು ಯಾರೂ ಕೇಳುತ್ತಿಲ್ಲ. ನಾಲ್ಕೂ ಬೀಚಿಗೆ ಜೀವರಕ್ಷಕರು, ಕವಲುಗಳಲ್ಲಿ ಬಣ್ಣದ ಗುರುತು, ಓಂ ಬೀಚಿನ ತುದಿಯಲ್ಲಿ ಹೋದವರ ಹೆಸರು ಬರೆದುಕೊಂಡು ಕತ್ತಲಾಗುವ ಮುನ್ನ ಮರಳಿದವರನ್ನು ಎಣಿಸುವ ಒಬ್ಬ ಮನುಷ್ಯ. ಇಷ್ಟು ಸಾಕು.

ಜನ ಎಲ್ಲಿಂದ ಎಂದು ಕೇಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಸಮುದ್ರ ಅತಿ ಒರಟಾಗಿರುವ ಆ 61 ದಿನ ಸಮುದ್ರವನ್ನು ಚೆನ್ನಾಗಿ ಬಲ್ಲ ಎಷ್ಟೋ ಮಂದಿಗೆ ಕೆಲಸವಿಲ್ಲ. ಅವರಿಗೆ ತರಬೇತಿ ಕೊಡಿ, ವರ್ಷವಿಡೀ ಸಂಬಳ ಕೊಡಿ. ಈಗಲೂ ಮುಳುಗುವವರನ್ನು ಎಳೆದು ತರಲು ಎಷ್ಟೋ ಸಲ ಮೊದಲು ಹಾರುವವರು ಅವರೇ, ಅದೂ ಪುಕ್ಕಟೆ.

ಬರುವವರಲ್ಲೂ ಒಂದು ಮಾತು. ಬೂಟು ಹಾಕಿ ಬನ್ನಿ, ತಲಾ ಎರಡು ಲೀಟರ್ ನೀರು ತನ್ನಿ, ಖಾಲಿ ಬಾಟಲಿ ವಾಪಸು ಒಯ್ಯಿರಿ. ಕುಡಿದು ನೀರಿಗಿಳಿಯಬೇಡಿ. ಇಳಿಯುವ ಮುಂಚೆ ಅಲ್ಲಿನ ದೋಣಿಯವರನ್ನು ಒಂದು ಮಾತು ಕೇಳಿ. ಅವರು ಬೇಡ ಎಂದರೆ ಬೇಡ.

ನಾವೂ ಒಂದು ತೀರ್ಮಾನ ಮಾಡಿದ್ದೇವೆ. ಇನ್ನು ಮುಂದೆ ಆ ನಾಲ್ಕು ಸಾಲಿನ ಕೆಳಗೆ ಐದನೆಯದು ಇರುತ್ತದೆ: ಆ ಹೊತ್ತಿಗೆ ಆ ಬೀಚಿನಲ್ಲಿ ಜೀವರಕ್ಷಕ ಇದ್ದನೇ, ಇಲ್ಲವೇ. ಡೆಸ್ಕಿನವರು ಅದನ್ನು ಕತ್ತರಿಸಿದರೆ ಇಲ್ಲಿ ಹಾಕುತ್ತೇವೆ.