ಆಕಾಶದ ಲೆಕ್ಕ ಕಚೇರಿಯಲ್ಲಿ, ಬಾವಿಯ ಲೆಕ್ಕ ಯಾರ ಹತ್ತಿರ?

ಚಿತ್ರದುರ್ಗ ಜಿಲ್ಲೆಗೆ ಬರ ಬಂದಿದೆ ಎಂಬುದು ಮೊದಲು ತಿಳಿಯುವುದು ತಾಲ್ಲೂಕು ಕಚೇರಿಗಲ್ಲ. ಉದ್ರಿ ಪುಸ್ತಕ ಇಟ್ಟುಕೊಂಡಿರುವ ಅಂಗಡಿಯವರಿಗೆ. ಯುಗಾದಿಗೆ ಬರೆಸಿದ ಬಾಕಿಯನ್ನು ದೀಪಾವಳಿಗೆ ತೀರಿಸುತ್ತೇನೆ ಅಂದ ರೈತ ಅಂಗಡಿ ಮುಂದೆ ಬರುವ ಬದಲು ಹಿಂದಿನ ಬೀದಿಯಿಂದ ಹೋಗಲು ಶುರು ಮಾಡಿದನೆಂದರೆ ಶೆಟ್ಟರಿಗೆ ಅರ್ಥವಾಗುತ್ತದೆ. ಆಮೇಲೆ ತಿಳಿಯುವುದು ಬೆಂಗಳೂರಿನ ರಾತ್ರಿ ಬಸ್ಸಿನ ಕಂಡಕ್ಟರಿಗೆ. ಪಾತ್ರೆ ಪಡಗ, ಚಾಪೆ, ಮಕ್ಕಳ ಸಮೇತ ಜನ ಹತ್ತತೊಡಗಿದರೆ ಅದು ಮದುವೆ ದಿಬ್ಬಣವಲ್ಲ, ಗುಳೆ. ಕಚೇರಿಯ ಕಡತ ಏಳುವುದು ಇದೆಲ್ಲ ಆದಮೇಲೆ.

ಹಾಗಂತ ಸರ್ಕಾರದ ಹತ್ತಿರ ಅಂಕಿ ಇಲ್ಲವೇ? ಬೇಕಾದಷ್ಟಿದೆ. ಬರದ ಮೇಲೆ ಕಣ್ಣಿಡಲೆಂದೇ 1988ರಲ್ಲಿ ಈ ರಾಜ್ಯ ಒಂದು ಕೋಶ ತೆರೆಯಿತು. ಅದೇ ಮುಂದೆ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು ಮಳೆ ಮಾಪಕಗಳನ್ನು ಅದು ನೆಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ತಾವೇ ಲೆಕ್ಕ ಕಳಿಸುವ ಮಾಪಕಗಳು. ದೇಶದಲ್ಲಿ ಇಷ್ಟು ಹತ್ತಿರ ಹತ್ತಿರ ಮಾಪಕ ಇಟ್ಟಿರುವ ರಾಜ್ಯ ಕಡಿಮೆ. ಮೆಚ್ಚಲೇಬೇಕಾದ ಕೆಲಸ. ಆದರೆ ಬರ ಎಂಬುದು ಮಳೆಯೊಂದರ ವಿಷಯವಲ್ಲ. ತೊಡಕು ಶುರುವಾಗುವುದೇ ಅಲ್ಲಿ.

ಅಂಗಡಿಯವರ ಭಾಷೆಯಲ್ಲೇ ಹೇಳುವುದಾದರೆ ನೀರಿಗೆ ಮೂರು ಲೆಕ್ಕ. ಮಳೆ ದಿನದ ಗಲ್ಲಾ. ಹಳ್ಳ ಹೊಳೆ ಕೆರೆಯ ನೀರು ಗೋಡೌನಿನ ಮಾಲು. ನೆಲದೊಳಗಿನ ನೀರು ತಾತ ಮುತ್ತಾತ ಇಟ್ಟುಹೋದ ಇಡುಗಂಟು. ಗಲ್ಲಾ ನೋಡಿಕೊಂಡು ಮಾತ್ರ ವ್ಯಾಪಾರ ಮಾಡುವವನು ಎಷ್ಟು ದಿನ ಬಾಗಿಲು ತೆರೆದಾನು?

ಮೊದಲು ಗಲ್ಲಾ ಲೆಕ್ಕವನ್ನೇ ನೋಡಿ. ಹವಾಮಾನ ಇಲಾಖೆಯ ಪ್ರಕಾರ ವಾಡಿಕೆಗಿಂತ ನೂರಕ್ಕೆ 19 ಪಾಲು ಕಡಿಮೆ ಬಿದ್ದರೂ ಅದು 'ವಾಡಿಕೆ ಮಳೆ'ಯೇ. 20 ಆದರೆ 'ಕೊರತೆ'. ಒಂದೇ ಒಂದು ಪಾಲಿನಲ್ಲಿ ಹೆಸರು ಬದಲಾಗುತ್ತದೆ, ಪಟ್ಟಿ ಬದಲಾಗುತ್ತದೆ, ಪರಿಹಾರ ಬದಲಾಗುತ್ತದೆ. ಹೊಲಕ್ಕೇನು ಗೊತ್ತು ಈ 19, 20ರ ಭೇದ? ಇನ್ನು ಸರಾಸರಿ ಎಂಬ ಮಾಯೆ ಬೇರೆ. 1 ಮಿಲಿಮೀಟರ್ ಮಳೆ ಅಂದರೆ 1 ಎಕರೆಗೆ ಸುಮಾರು 4 ಸಾವಿರ ಲೀಟರ್, ಒಂದು ಸಣ್ಣ ಟ್ಯಾಂಕರ್ ನೀರು. ಒಂದು ರಾತ್ರಿ 80 ಮಿಲಿಮೀಟರ್ ಹೊಯ್ದು, ಮಣ್ಣು ಕೊಚ್ಚಿಕೊಂಡು ಹೋಗಿ, ಆಮೇಲೆ ಮೂರು ವಾರ ಹನಿ ಬೀಳದಿದ್ದರೂ ತಿಂಗಳ ಲೆಕ್ಕದಲ್ಲಿ ಎಲ್ಲಾ ಸುಖವಾಗಿಯೇ ಕಾಣುತ್ತದೆ. ಶೇಂಗಾ ಬೆಳೆಯುವ ರೈತ ಮಿಲಿಮೀಟರ್ ಎಣಿಸುವುದಿಲ್ಲ, ಹದ ಎಣಿಸುತ್ತಾನೆ. ಹೂ ಬಿಟ್ಟಾಗ ಒಂದು ಹದ, ಊಡು ಇಳಿದಾಗ ಒಂದು ಹದ, ಕಾಯಿ ಕಟ್ಟುವಾಗ ಒಂದು. ನಡುವೆ ಒಂದು ತಪ್ಪಿದರೆ ಉಳಿದದ್ದು ಹೊಟ್ಟು.

2023ರಲ್ಲಿ ಆದದ್ದು ಇದೇ. ಜೂನ್ ಕೈಕೊಟ್ಟಿತು. ಜುಲೈನಲ್ಲಿ ಮಳೆ ಬಂತು, ಜನ ಬಿತ್ತಿದರು, ಬೀಜ ಗೊಬ್ಬರದ ಅಂಗಡಿಗಳಲ್ಲಿ ಸಾಲ ಏರಿತು. ಆಗಸ್ಟ್ ಪೂರ್ತಿ ಒಣಗಿತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೇ ಅಷ್ಟು ಒಣ ಆಗಸ್ಟ್ ಮತ್ತೊಂದಿಲ್ಲ. ಆಗ ರಾಜ್ಯದಲ್ಲಿ ಏನು ನಡೆಯಿತು? ಮಳೆ ಕೊರತೆಯ 113 ತಾಲ್ಲೂಕುಗಳಲ್ಲಿ ಜಂಟಿ ಸಮೀಕ್ಷೆ ಮಾಡಿ, ನಿಯಮಕ್ಕೆ ಹೊಂದುವುದು 62 ಮಾತ್ರ ಅಂದರು. ಮತ್ತೆ ಸಮೀಕ್ಷೆ. ಸೆಪ್ಟೆಂಬರ್ ನಡುವಿನಲ್ಲಿ 195 ತಾಲ್ಲೂಕು ಬರಪೀಡಿತ ಎಂದು ಘೋಷಣೆ. ನವೆಂಬರ್ ಹೊತ್ತಿಗೆ 223. ಮೊದಲ ಎಣಿಕೆಯ 62 ಮೂರು ತಿಂಗಳೊಳಗೆ 223 ಆಗಬೇಕಾದರೆ, ಬರ ಅಷ್ಟು ಓಡಿತೋ, ಅಳತೆಗೋಲು ನಿಧಾನವಾಯಿತೋ?

ಅಧಿಕಾರಿಗಳನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಕೇಂದ್ರದ 2016ರ ಬರ ಕೈಪಿಡಿಯೇ ಹಾಗಿದೆ. ಮೊದಲು ಮಳೆ ಕೊರತೆಯಾಗಬೇಕು, ಇಲ್ಲವೇ ಸತತ 3ರಿಂದ 4 ವಾರ ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಬೀಳಬೇಕು. ಆ ಬಾಗಿಲು ದಾಟಿದ ಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಿಂದ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಹೊಳೆ ಅಂತರ್ಜಲ ಎಂಬ ನಾಲ್ಕು ಬಗೆಯ ಸಾಕ್ಷಿ. ಇವುಗಳಲ್ಲಿ ಮೂರು ಕೈ ಎತ್ತಿದರೆ ತೀವ್ರ ಬರ. ಆಮೇಲೆ ನೂರಕ್ಕೆ 10 ಹಳ್ಳಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಅಂತರ್ಜಲಕ್ಕೆ ಈ ಪಂಕ್ತಿಯಲ್ಲಿ ಸಿಕ್ಕಿರುವುದು ಕೊನೆಯ ಎಲೆ, ಅದೂ ಹೊಳೆ ಮತ್ತು ಅಣೆಕಟ್ಟಿನ ಜೊತೆ ಹಂಚಿಕೊಂಡು. ಅಂದರೆ ಬಾವಿ ಎಷ್ಟು ಬತ್ತಿದರೂ ಅದೊಂದರಿಂದ ಬರ ಶುರುವಾಗುವುದಿಲ್ಲ. ಆಕಾಶ ಮೊದಲು ಒಪ್ಪಬೇಕು.

ಎರಡನೆಯದು ಹೊಳೆ ಲೆಕ್ಕ. ಈ ಜಿಲ್ಲೆಗೆ ವೇದಾವತಿಯೇ ತಾಯಿ. ಬಾಬಾಬುಡನ್ ಗಿರಿಯ ಕಡೆ ಹುಟ್ಟಿ ಕಡೂರು ದಾಟಿ ಬರುವ ಇವಳನ್ನು ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ ನಿಲ್ಲಿಸಿದರು. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 30 ಟಿ.ಎಂ.ಸಿ. ನೀರು ಹಿಡಿಯುವಂಥದ್ದು. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬೀಳಲು 89 ವರ್ಷ ಕಾಯಬೇಕಾಯಿತು, 2022ರಲ್ಲಿ. ಹಿರಿಯೂರಿನ ಹಿರಿಯರು ಕಣ್ಣೀರು ಹಾಕಿಕೊಂಡು ಬಾಗಿನ ಬಿಟ್ಟರು. ಮರುವರ್ಷವೇ ಬರ! ಅಣೆಕಟ್ಟಿನಲ್ಲಿ ಹಿಂದಿನ ವರ್ಷದ ನೀರು ನಿಂತಿದ್ದಾಗಲೇ ಸುತ್ತಲ ಖುಷ್ಕಿ ಹೊಲಗಳಲ್ಲಿ ಬೆಳೆ ಸುಟ್ಟಿತು. ಡ್ಯಾಮಿನ ಗೇಜು ನೋಡಿದವನಿಗೆ ಜಿಲ್ಲೆ ಸುಭಿಕ್ಷ, ಹೊಲ ನೋಡಿದವನಿಗೆ ಸುಡುಗಾಡು. ಎರಡೂ ನಿಜ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಮಂದಿ ಗಮನಿಸಿಲ್ಲ. ಕೆಲವು ವರ್ಷಗಳಿಂದ ಭದ್ರೆಯ ನೀರನ್ನು ಪಂಪು ಮಾಡಿ ಈ ಸಾಗರಕ್ಕೆ ಬಿಡುತ್ತಿದ್ದಾರೆ. ಒಳ್ಳೆಯದೇ, ಜಿಲ್ಲೆಯ ಜನ ದಶಕಗಟ್ಟಲೆ ಹೋರಾಡಿದ್ದು ಅದಕ್ಕೇ. ಆದರೆ 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿತ್ತೆಂದು ವೇದಾವತಿಯ ದಂಡೆಯಲ್ಲಿ ಮಳೆ ಬೆಳೆ ಚೆನ್ನಾಗಿದೆ ಎಂದು ತಿಳಿದರೆ ಮೋಸ. ಅದರಲ್ಲಿ ಭದ್ರೆಯ ಪಾಲೂ ಇದೆ. ಡ್ಯಾಮಿನ ಅಡಿ ಲೆಕ್ಕದ ಜೊತೆಗೆ ವೇದಾವತಿ ತಾನಾಗಿ ಎಷ್ಟು ತಂದಳು, ಭದ್ರೆಯಿಂದ ಎಷ್ಟು ಬಂತು ಎಂದು ಬೇರೆ ಬೇರೆ ಬರೆದು ತೋರಿಸಬೇಕು. ಹೊಳೆಯ ಅಡ್ಡಗಲ, ಆಳ, ಹರಿವಿನ ವೇಗ ಅಳೆದರೆ ಕ್ಯೂಸೆಕ್ ಸಿಗುತ್ತದೆ, ಅದೇನು ಬ್ರಹ್ಮವಿದ್ಯೆಯಲ್ಲ. ಹೊಳೆ ಮಳೆಗಾಲ ಮುಗಿದ ಎಷ್ಟನೇ ವಾರಕ್ಕೆ ನಿಂತಿತು ಎಂಬುದೊಂದೇ ಸಾಕು. ನೆಲದೊಳಗೆ ನೀರಿದ್ದರೆ ಹಳ್ಳ ಮಳೆ ನಿಂತ ಮೇಲೂ ಜಿನುಗುತ್ತದೆ. ಕೆಳಗೆ ಬತ್ತಿದ್ದರೆ ಮಳೆಯ ಮರುದಿನವೇ ಮರಳು ಕಾಣುತ್ತದೆ.

ಮೂರನೆಯದು ಇಡುಗಂಟು. ನಿಜವಾದ ಕಥೆ ಇರುವುದು ಇಲ್ಲಿ.

ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ. ಮೇಲೆ ಸವೆದ ಕಲ್ಲಿನ ಪದರ, ಕೆಳಗೆ ಬಿರುಕು. ನೀರು ನಿಲ್ಲುವುದು ಈ ಸಂದಿಗಳಲ್ಲಿ, ಕೆರೆಯ ಹಾಗೆ ತುಂಬಿ ನಿಲ್ಲುವುದಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿತ್ತೆನ್ನಿ. ಇಂಥ ನೆಲದಲ್ಲಿ ಕೆಳಗೆ ಇಂಗುವುದು ನೂರಕ್ಕೆ 8 ಪಾಲಿನ ಆಸುಪಾಸು, ಅಂದರೆ 40 ಮಿಲಿಮೀಟರ್. ಕಲ್ಲಿನ ಸಂದಿಯಲ್ಲಿ ಜಾಗ ಕಡಿಮೆ ಇರುವುದರಿಂದ ಅಷ್ಟು ನೀರಿಗೆ ಬಾವಿಯ ಮಟ್ಟ ಸುಮಾರು 2 ಮೀಟರ್ ಏರೀತು. ಇಡೀ ವರ್ಷದ ಸಂಪಾದನೆ ಇಷ್ಟೇ. ಖರ್ಚು? ಅಡಿಕೆ ತೋಟ ಉಳಿಸಿಕೊಳ್ಳಲು ಒಂದರ ಪಕ್ಕ ಒಂದು ಬೋರು, 300 ಅಡಿ ಸಾಲದೆ 600, ಆಮೇಲೆ ಸಾವಿರ. ಒಂದೂವರೆ ಇಂಚು ನೀರು ಬಿದ್ದರೆ ಗಾಡಿಗೆ ಪೂಜೆ, ಬೀಳದಿದ್ದರೆ ಹೊಗೆಯಂಥ ಪುಡಿ ಮತ್ತು ಕೈಸಾಲ. ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಕೂತಿವೆ. ಅಂದರೆ ನೂರು ರೂಪಾಯಿ ಜಮೆ, ನೂರಕ್ಕೂ ಮೇಲೆ ಖರ್ಚು. ಇಂಥ ಖಾತೆಗೆ ಒಂದು ವರ್ಷ ಜಮೆ ನಿಂತರೆ ಏನಾಗುತ್ತದೆ ಎಂದು ಅಂಗಡಿಯವರಿಗೆ ಪಾಠ ಹೇಳಬೇಕಿಲ್ಲ.

ಈ ಖಾತೆಯ ಲೆಕ್ಕ ಬರೆಯುವವರೂ ಇದ್ದಾರೆ. ರಾಜ್ಯದ ಅಂತರ್ಜಲ ಇಲಾಖೆಯವರು ಗೊತ್ತುಮಾಡಿದ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ತಿಂಗಳು ತಿಂಗಳು ಅಳೆಯುತ್ತಾರೆ. ಕೇಂದ್ರದ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಆದರೆ ತೋಡು ಬಾವಿಯೊಂದು ಪೂರಾ ಒಣಗಿತೆನ್ನಿ. ಅದಕ್ಕೆ ಅಳತೆ ಏನು ಬರೆಯುವುದು? 'ಒಣಗಿದೆ' ಎಂದು ಬರೆಯಬಹುದು, ಅಡಿ ಲೆಕ್ಕ ಬರೆಯಲಾಗದು. ಅಂಕಿ ಇಲ್ಲದ ಬಾವಿ ಸರಾಸರಿಯಿಂದ ಹೊರಬಿದ್ದರೆ, ನೀರಿರುವ ಬಾವಿಗಳ ಸರಾಸರಿ ಮಾತ್ರ ಉಳಿಯುತ್ತದೆ. ದಿವಾಳಿಯಾದ ಅಂಗಡಿಗಳನ್ನು ಬಿಟ್ಟು ಪೇಟೆಯ ಲಾಭ ಲೆಕ್ಕ ಹಾಕಿದ ಹಾಗೆ! ಇದಕ್ಕೇ ಆಳದ ಕೊಳವೆ ಬಾವಿಗಳನ್ನು ಅಳತೆಗೆಂದೇ ಕೊರೆಸುವುದು. ಅವು ಹೋಬಳಿಗೆ ಎಷ್ಟಿವೆ, ಮಟ್ಟ ಎಷ್ಟಿದೆ ಎಂದು ಬಸ್ಸಿಗೆ ನಿಂತ ಹತ್ತು ಜನರನ್ನು ಕೇಳಿ ನೋಡಿ. ಚಿನ್ನದ ರೇಟು ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ತಪ್ಪು ಅವರದಲ್ಲ, ಹೇಳಿದವರು ಯಾರು?

ಈ ಲೆಕ್ಕಕ್ಕೂ ಜೇಬಿಗೂ ಏನು ಸಂಬಂಧ ಅನ್ನುವವರಿಗೆ ಎರಡು ಮಾತು. ತೋಟದ ಬೆಳೆಗೆ ಹವಾಮಾನ ಆಧಾರದ ವಿಮೆ ಇದೆ. ಅದು ತೋಟಕ್ಕೆ ಬಂದು ಗರಿ ಒಣಗಿದ್ದನ್ನು ನೋಡುವುದಿಲ್ಲ, ಮಾಪಕದ ಅಂಕಿ ನೋಡುತ್ತದೆ. ಮಾಪಕದ ಬಾಯಿಗೆ ಎಲೆ ಕಸ ಕೂತರೆ, ಪಕ್ಕದಲ್ಲಿ ಮರ ಬೆಳೆದು ಮರೆಯಾದರೆ, ಆ ಅಂಕಿಯೇ ಸುಳ್ಳು. ಊರಿನ ಮಾಪಕವನ್ನು ದನ ಕಟ್ಟುವ ಗೂಟ ಮಾಡಿಕೊಳ್ಳುವ ಮಹಾಶಯರು ಇದನ್ನು ನೆನಪಿಡಬೇಕು. ಇನ್ನು ಪರಿಹಾರ: 2023ರ ಬರಕ್ಕೆ ಖುಷ್ಕಿ ಬೆಳೆಗೆ ಇದ್ದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್ ಮಿತಿಗೆ. ಎಕರೆಗೆ ಮೂರೂವರೆ ಸಾವಿರಕ್ಕೂ ಕಡಿಮೆ. ಅದನ್ನು ಪಡೆಯಲು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಕೇಳಿದ್ದು 18 ಸಾವಿರ ಕೋಟಿಗೂ ಮೇಲೆ, ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಘೋಷಣೆಯಿಂದ ಏಳು ತಿಂಗಳು. ಅಷ್ಟರಲ್ಲಿ ಉದ್ರಿ ಪುಸ್ತಕದ ಬಡ್ಡಿ ಯಾರು ಕಟ್ಟಿದರು?

2024ರಲ್ಲಿ ರಾಜ್ಯಕ್ಕೆ ಮಳೆ ಚೆನ್ನಾಯಿತು. ಬರದ ಕಡತ ಮುಚ್ಚಿತು. ಆಕಾಶದಿಂದ ತೆರೆದ ಕಡತ ಆಕಾಶದಿಂದಲೇ ಮುಚ್ಚಿಕೊಂಡಿತು. ಆದರೆ ಹಿಂದಿನ ವರ್ಷ ಐದಾರು ಮೀಟರ್ ಕೆಳಗಿಳಿದ ಬಾವಿಗೆ, ವರ್ಷಕ್ಕೆ 2 ಮೀಟರ್ ಲೆಕ್ಕದಲ್ಲಿ, ಪಂಪು ಒಂದು ದಿನವೂ ಓಡದಿದ್ದರೂ ಚೇತರಿಸಿಕೊಳ್ಳಲು ಮೂರು ಒಳ್ಳೆ ಮಳೆಗಾಲ ಬೇಕು. ಪಂಪು ಓಡದೆ ಇರುತ್ತದೆಯೇ? ಹೊಲದ ಬರ ಒಂದು ಹಸ್ತ ಮಳೆಗೆ ಮುಗಿಯಬಹುದು. ಬಾವಿಯ ಬರ ಹಾಗೆ ಮುಗಿಯುವುದಿಲ್ಲ. ಅದಕ್ಕೆ ಬೇರೆಯದೇ ಘೋಷಣೆ, ಬೇರೆಯದೇ ಮುಕ್ತಾಯ ಬೇಕು. ಬಾವಿ ಮಟ್ಟ ಬರದ ಮುಂಚಿನ ಗೆರೆ ಮುಟ್ಟುವ ತನಕ ಆ ಹೋಬಳಿಯಲ್ಲಿ ಸಾಲ ವಸೂಲಿಗೆ ವಿನಾಯಿತಿ, ಟ್ಯಾಂಕರ್ ನೀರಿನ ತಯಾರಿ, ಹೊಸ ಬೋರಿಗೆ ಅಂತರದ ಕಟ್ಟುನಿಟ್ಟು, ಇವೆಲ್ಲ ಮುಂದುವರಿಯಬೇಕು. ಹೊಸ ಬೋರಿನ ಮಾತು ತೋಟದವರಿಗೆ ಕಹಿಯಾಗುತ್ತದೆ, ಗೊತ್ತು. ಪಕ್ಕದವನ ಬೋರು ನಿಲ್ಲಿಸಿದ ನೀರು ಎಷ್ಟು ದಿನ ಸಿಹಿಯಾಗಿರುತ್ತದೆ?

ಜಿಲ್ಲಾಡಳಿತಕ್ಕೆ ಇದರಲ್ಲಿ ದೊಡ್ಡ ಖರ್ಚಿನ ಕೆಲಸವೇನಿಲ್ಲ. ಅಂಕಿಗಳು ಆಗಲೇ ಕಂಪ್ಯೂಟರಿನಲ್ಲಿ ಇವೆ. ಪ್ರತಿ ಗ್ರಾಮ ಪಂಚಾಯಿತಿ ಮುಂದೆ, ಪ್ರತಿ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಒಂದು ಕಪ್ಪು ಹಲಗೆ. ಅದರ ಮೇಲೆ ವಾರಕ್ಕೊಮ್ಮೆ ಮೂರು ಸಾಲು. ಈ ವಾರ ಬಿದ್ದ ಮಳೆ ಮತ್ತು ಬೀಳಬೇಕಿದ್ದ ಮಳೆ. ಹಳ್ಳ ಅಥವಾ ಹೊಳೆ ಹರಿಯುತ್ತಿದೆಯೇ, ಎಷ್ಟು. ಹೋಬಳಿಯ ವೀಕ್ಷಣಾ ಬಾವಿಯಲ್ಲಿ ನೀರು ಎಷ್ಟು ಅಡಿ ಕೆಳಗಿದೆ, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು. ಬಾವಿ ಅಳತೆ ತಿಂಗಳಿಗೊಮ್ಮೆ ಬದಲಾದರೂ ಅಡ್ಡಿಯಿಲ್ಲ. ಒಣಗಿದ ಬಾವಿಗಳನ್ನು ಬಿಡದೆ 'ಒಣಗಿದೆ' ಎಂದೇ ಬರೆಯಬೇಕು. ಮೊಬೈಲಿನಲ್ಲಿ ಎಲ್ಲಾ ಸಿಗುತ್ತದಲ್ಲ ಅನ್ನಬಹುದು. ಸಿಗುತ್ತದೆ, ಹುಡುಕಲು ಬಂದವರಿಗೆ. ಹಲಗೆ ಮೇಲಿದ್ದರೆ ಹತ್ತು ಜನರ ಕಣ್ಣಿಗೆ ಒಟ್ಟಿಗೆ ಬೀಳುತ್ತದೆ, ತಪ್ಪಿದ್ದರೆ ಅಲ್ಲೇ ಯಾರಾದರೂ ಕೇಳುತ್ತಾರೆ: ಮೊನ್ನೆ ನಮ್ಮೂರಿಗೆ ಹನಿಯೇ ಬೀಳಲಿಲ್ಲ, ಇದೆಲ್ಲಿಂದ ಬಂತು ಸ್ವಾಮಿ 22 ಮಿಲಿಮೀಟರ್?

ಆ ಪ್ರಶ್ನೆ ಬಂದ ದಿನ ಗ್ರಾಮ ಲೆಕ್ಕಿಗರು ಮಾಪಕದ ಹತ್ತಿರ ಹೋಗಿ ನೋಡುತ್ತಾರೆ, ಕಸ ತೆಗೆಸುತ್ತಾರೆ. ಸೆಪ್ಟೆಂಬರಿನಲ್ಲಿ ಆಗುವ ಸಮೀಕ್ಷೆ ಜುಲೈ ಕೊನೆಗೇ ಆರಂಭವಾದೀತು. ಎಲ್ಲಾ ಕಡೆ ಒಟ್ಟಿಗೆ ಬೇಡ. ಬರುವ ಮುಂಗಾರಿನ ಮೊದಲ ವಾರದಿಂದ ಚಳ್ಳಕೆರೆ, ಹಿರಿಯೂರು ಬಸ್ ನಿಲ್ದಾಣಗಳಲ್ಲಿ ಎರಡು ಹಲಗೆ ತೂಗುಹಾಕಲಿ. ಬರೆಯುವವರ ಹೆಸರು, ಬರೆದ ತಾರೀಖು ಕೆಳಗೆ ಇರಲಿ.